ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ, ಶಾಕ್ ಹೊಡೆದರೆ ಏಕೆ ಆಗುವುದಿಲ್ಲ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅದಕ್ಕೇ ಸೋಲಾರ್ ಪ್ಯಾನೆಲ್, ಬ್ಯಾಟರಿ ಸಮೇತ 5 ಕೆವಿಎಯ ಎರಡು ಆಫ್‌ಗ್ರಿಡ್ ಇನ್ವರ್ಟರ್ ಹಾಕಿಸಿದ್ದೇವೆ. ಒಂದು ಮನೆಗೆ, ಇನ್ನೊಂದು ಪಲ್ಪರ್ ಶೆಡ್ಡಿಗೆ ಮತ್ತು ಕೆಲಸಗಾರರ ಲೈನ್ ಮನೆಗಳಿಗೆ. ಮೇನ್ ಬೋರ್ಡಿನಲ್ಲಿ ಒಂದು ಆರ್‌ಸಿಸಿಬಿ ಇದೆ. ಅದು ಒಮ್ಮೊಮ್ಮೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಆದರೆ ಮೊನ್ನೆ ಇನ್ವರ್ಟರ್ ಮೇಲೆ ಓಡುತ್ತಿದ್ದ ವಾಷಿಂಗ್ ಮೆಷಿನ್ ಮುಟ್ಟಿದಾಗ ಜುಮ್ಮೆಂದು ಹೊಡೆಯಿತು, ಆಗ ಮಾತ್ರ ಆಗಲಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಆಗುತ್ತದೆ. ಎಲ್ಲಿ ತಪ್ಪಾಗಿದೆ? ಎರಡೂ ಇನ್ವರ್ಟರ್‌ಗೆ ಒಂದೇ ಆರ್‌ಸಿಸಿಬಿ ಸಾಕೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮೊದಲು ಆ ಟೆಸ್ಟ್ ಬಟನ್ ಮೇಲಿನ ನಂಬಿಕೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಆರ್‌ಸಿಸಿಬಿಯ ಒಳಗೆ ಬಳೆಯಂಥ ಒಂದು ಕಬ್ಬಿಣದ ಕೋರ್ ಇರುತ್ತದೆ. ಫೇಸ್, ನ್ಯೂಟ್ರಲ್ ಎರಡೂ ಅದರ ನಡುವೆ ಹಾದುಹೋಗುತ್ತವೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸು ಬಂದರೆ ಅದು ಸುಮ್ಮನಿರುತ್ತದೆ. ಒಂದಿಷ್ಟು ಬೇರೆ ದಾರಿ ಹಿಡಿದು, ಎಂದರೆ ಯಾರದೋ ಮೈಯಿಂದಲೋ ಮೆಷಿನ್ನಿನ ಬಾಡಿಯಿಂದಲೋ ನೆಲಕ್ಕೆ ಇಳಿದರೆ, ಆ ವ್ಯತ್ಯಾಸ ಕಂಡು ಟ್ರಿಪ್ ಆಗುತ್ತದೆ. ಮನೆಗೆ ಹಾಕುವಂಥದ್ದು 30 ಮಿಲಿಆಂಪಿಯರಿನದು. ಟೆಸ್ಟ್ ಬಟನ್ ಮಾಡುವುದು ಇಷ್ಟೇ: ಒಂದು ಪುಟ್ಟ ರೆಸಿಸ್ಟರ್ ಮೂಲಕ ಒಂದಿಷ್ಟು ಕರೆಂಟನ್ನು ಕೋರಿನ ಹೊರಗಿನಿಂದ ದಾಟಿಸಿ ನ್ಯೂಟ್ರಲಿಗೆ ಬಿಡುತ್ತದೆ. ಈ ಆಟದಲ್ಲಿ ಅರ್ತಿಗೆ ಪಾತ್ರವೇ ಇಲ್ಲ. ಆರ್‌ಸಿಸಿಬಿಯ ಯಂತ್ರ ಸರಿಯಿದೆ ಎಂದು ಬಟನ್ ಹೇಳುತ್ತದೆ. ನಿಮ್ಮ ಮನೆಯ ಅರ್ತಿಂಗ್ ಬಗ್ಗೆ, ಇನ್ವರ್ಟರಿನ ವೈರಿಂಗ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಲೈನ್ ಕರೆಂಟ್ ಇದ್ದಾಗ ಲೆಕ್ಕ ಸರಿಹೋಗುತ್ತದೆ. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲನ್ನು ನೆಲಕ್ಕೆ ಕೂಡಿಸಿರುತ್ತಾರೆ. ನಿಮ್ಮ ಮನೆಯಲ್ಲಿ ಲೀಕಾದ ಕರೆಂಟು ಮಣ್ಣಿನ ಮೂಲಕ ಆ ಟ್ರಾನ್ಸ್‌ಫಾರ್ಮರ್ ಸೇರಿಕೊಳ್ಳುತ್ತದೆ, ಸುತ್ತು ಪೂರ್ಣವಾಗುತ್ತದೆ. ಆ ದಾರಿಯ ಒಟ್ಟು ತಡೆ 10 ಓಮ್ ಎಂದಿಟ್ಟುಕೊಂಡರೂ ಹರಿಯುವುದು 23 ಆಂಪಿಯರ್. 32 ಆಂಪಿಯರಿನ ಎಂಸಿಬಿ ಅದನ್ನು ಗಮನಿಸುವುದೂ ಇಲ್ಲ, ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸುತ್ತದೆ.

ಇನ್ವರ್ಟರ್ ಬ್ಯಾಟರಿಯಿಂದ ಓಡುವಾಗ ಟ್ರಾನ್ಸ್‌ಫಾರ್ಮರಿನ ನಂಟು ಕಡಿದುಹೋಗುತ್ತದೆ. ಆಗ ನಿಮ್ಮ ಮನೆಗೆ ಇನ್ವರ್ಟರೇ ಟ್ರಾನ್ಸ್‌ಫಾರ್ಮರ್. ಅದರ ಎರಡು ಔಟ್‌ಪುಟ್ ತುದಿಗಳಲ್ಲಿ ಯಾವುದೂ ನೆಲಕ್ಕೆ ಕೂಡಿರದಿದ್ದರೆ ಸಪ್ಲೈ ತೇಲುತ್ತಿರುತ್ತದೆ. ಲೀಕಾದ ಕರೆಂಟಿಗೆ ವಾಪಸು ಬರಲು ದಾರಿಯಿಲ್ಲ, ದಾರಿಯಿಲ್ಲದ ಮೇಲೆ ಆರ್‌ಸಿಸಿಬಿ ನೋಡುವುದಾದರೂ ಏನನ್ನು? ಇದರ ಗುರುತು ನಿಮ್ಮ ಎಲೆಕ್ಟ್ರಿಷಿಯನ್ ಜೇಬಿನಲ್ಲೇ ಇದೆ. ಲೈನ್ ಕರೆಂಟಿನಲ್ಲಿ ಟೆಸ್ಟರ್ ಫೇಸಿಗೆ ಮಾತ್ರ ಉರಿಯುತ್ತದೆ. ತೇಲುವ ಇನ್ವರ್ಟರಿನಲ್ಲಿ ಸಾಕೆಟ್ಟಿನ ಎರಡೂ ತೂತಿನಲ್ಲಿ ಮಂಕಾಗಿ ಉರಿಯಬಹುದು. ಮೀಟರ್ ಇಟ್ಟರೆ ಎರಡೂ ಕಡೆ ಅರ್ತಿಗೆ ಸುಮಾರು 115 ವೋಲ್ಟ್ ತೋರಿಸುವುದುಂಟು. ನಿಮ್ಮ ವಾಷಿಂಗ್ ಮೆಷಿನ್ ಜುಮ್ಮೆಂದದ್ದು ಹೆಚ್ಚುಕಡಿಮೆ ಈ ಜಾತಿಯದ್ದೇ. ಜೊತೆಗೆ ಅದರ ಮೂರನೇ ಪಿನ್ನಿನ ಅರ್ತ್ ವೈರ್ ಎಲ್ಲೋ ಬಿಟ್ಟುಕೊಂಡಿದೆ. ಅದು ಗಟ್ಟಿಯಾಗಿದ್ದರೆ ಮೆಷಿನ್ ಬಾಡಿ ಜುಮ್ಮೆನ್ನುತ್ತಲೇ ಇರಲಿಲ್ಲ. ಅದನ್ನು ಇವತ್ತೇ ನೋಡಿಸಿ.

ತೇಲುವ ಸಪ್ಲೈ ಒಂದೇ ಡ್ರಿಲ್ಲಿಗೋ ಒಂದೇ ದೀಪಕ್ಕೋ ಆದರೆ ಕೆಟ್ಟದ್ದೇನಲ್ಲ, ಒಂದು ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. ಮನೆ, ಶೆಡ್ಡು, ಲೈನ್ ಮನೆ ಎಂದು ಹರಡಿಕೊಂಡಾಗ ಕಥೆಯೇ ಬೇರೆ. ಎಲ್ಲೋ ಒಂದು ಪಂಪಿನಲ್ಲಿ ಫೇಸ್ ಬಾಡಿಗೆ ತಾಗುತ್ತದೆ. ಏನೂ ಟ್ರಿಪ್ ಆಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಕ್ಷಣದಿಂದ ನ್ಯೂಟ್ರಲ್ ಎಂದು ನಾವು ಕರೆಯುವ ವೈರು ನೆಲದಿಂದ 230 ವೋಲ್ಟ್ ಮೇಲಿರುತ್ತದೆ. ಅದನ್ನು ಯಾರಾದರೂ ಮುಟ್ಟಿದರೆ ಕರೆಂಟು ಪಂಪಿನಿಂದ ನೆಲಕ್ಕೆ, ನೆಲದಿಂದ ಮೈಗೆ, ಮೈಯಿಂದ ನ್ಯೂಟ್ರಲಿಗೆ ಬರುತ್ತದೆ. ಎರಡೂ ತಪ್ಪು ಒಂದೇ ಆರ್‌ಸಿಸಿಬಿಯ ಆಚೆ ಇದ್ದರೆ ಹೋದದ್ದೂ ಬಂದದ್ದೂ ಸಮ. ಅದು ಟ್ರಿಪ್ ಆಗುವುದೇ ಇಲ್ಲ.

ಎಂಸಿಬಿ ಇದೆಯಲ್ಲ ಎನ್ನಬೇಡಿ. 5 ಕೆವಿಎ ಇನ್ವರ್ಟರ್ ನಿರಂತರವಾಗಿ ಕೊಡುವುದು ಸುಮಾರು 22 ಆಂಪಿಯರ್, ಕೆಲವು ಸೆಕೆಂಡ್ ಮಟ್ಟಿಗೆ ಅದರ ಎರಡರಷ್ಟು. ‘ಸಿ’ ಕರ್ವಿನ 32 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ 160ರಿಂದ 320 ಆಂಪಿಯರ್ ಬೇಕು. ಅಷ್ಟು ಕೊಡುವ ತಾಕತ್ತು ಇನ್ವರ್ಟರಿಗೆ ಇಲ್ಲ. ಅದು ಓವರ್‌ಲೋಡ್ ಎಂದು ತಾನೇ ಆಫ್ ಆದೀತು, ಎಂಸಿಬಿ ಬೀಳಲಾರದು. ಅಂದಮೇಲೆ ಇನ್ವರ್ಟರ್ ಮನೆಯಲ್ಲಿ ಜೀವ ಕಾಯುವ ಹೊಣೆ ಬಹುಪಾಲು ಆರ್‌ಸಿಸಿಬಿಯದೇ.

ಪರಿಹಾರದ ತಿರುಳು ಒಂದೇ ಮಾತು: ಇನ್ವರ್ಟರಿನ ಔಟ್‌ಪುಟ್ ನ್ಯೂಟ್ರಲನ್ನು ಅರ್ತಿಗೆ ಒಂದು ಕಡೆ, ಒಂದೇ ಕಡೆ ಕೂಡಿಸಬೇಕು. ಆ ಜೋಡಣೆ ಆರ್‌ಸಿಸಿಬಿಗಿಂತ ಹಿಂದೆ, ಎಂದರೆ ಇನ್ವರ್ಟರಿನ ಮಗ್ಗುಲಲ್ಲಿ ಇರಬೇಕು. ಆರ್‌ಸಿಸಿಬಿ ದಾಟಿದ ಮೇಲೆ ಕೂಡಿಸಿದರೆ ಲೋಡಿನ ಕರೆಂಟಿನಲ್ಲಿ ಒಂದು ಪಾಲು ಅರ್ತ್ ವೈರಿನಲ್ಲಿ ಹರಿದು ಅದು ಮತ್ತೆ ಮತ್ತೆ ಟ್ರಿಪ್ ಆಗುತ್ತದೆ.

ಎರಡು ಇನ್ವರ್ಟರ್ ಎಂದಾಗ ಎಲೆಕ್ಟ್ರಿಷಿಯನ್‌ಗಳು ಎಡವುವುದು ಇಲ್ಲೇ. ನಿಮ್ಮದು ಎರಡು ಬೇರೆ ಬೇರೆ ಸಪ್ಲೈ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಾಗಿದ್ದರೆ ಪ್ರತಿ ಇನ್ವರ್ಟರಿಗೂ ಅದರದೇ ಒಂದು ನ್ಯೂಟ್ರಲ್–ಅರ್ತ್ ಜೋಡಣೆ, ಅದರದೇ ಆರ್‌ಸಿಸಿಬಿಗಳು, ಅದರದೇ ನ್ಯೂಟ್ರಲ್ ಬಾರ್ ಬೇಕು. ಅರ್ತ್ ಬಾರ್ ಮಾತ್ರ ಎರಡಕ್ಕೂ ಒಂದೇ ಇರಬೇಕು. ಮುಂದೆ ಕಂಪನಿಯ ಕಮ್ಯುನಿಕೇಷನ್ ಕೇಬಲ್ ಹಾಕಿ ಎರಡನ್ನೂ ಪ್ಯಾರಲಲ್ ಮಾಡಿ 10 ಕೆವಿಎ ಮಾಡಿಕೊಂಡಿರೋ, ಆಗ ಅವು ಸೇರಿ ಒಂದೇ ಸಪ್ಲೈ. ಔಟ್‌ಪುಟ್‌ಗಳು ಕೂಡುವ ಬಸ್‌ಬಾರಿನಲ್ಲಿ ಒಂದೇ ಜೋಡಣೆ ಇರಬೇಕು. ಎರಡೂ ಇನ್ವರ್ಟರಿನ ಒಳಗೆ ಒಂದೊಂದು ಜೋಡಣೆ ಉಳಿದುಬಿಟ್ಟರೆ ನ್ಯೂಟ್ರಲಿನ ಕರೆಂಟು ಅರ್ತ್ ವೈರಿನಲ್ಲೂ ಹಂಚಿಕೊಂಡು ಸದಾ ಹರಿಯುತ್ತದೆ.

ನಿಮಗೆ ಲೈನ್ ಕರೆಂಟೂ ಇದೆ. ಇನ್ವರ್ಟರ್ ಬೈಪಾಸ್‌ನಲ್ಲಿದ್ದಾಗ ನ್ಯೂಟ್ರಲ್ ಆಗಲೇ ಟ್ರಾನ್ಸ್‌ಫಾರ್ಮರಿನಲ್ಲಿ ನೆಲ ಸೇರಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮನೆಯ ಜೋಡಣೆ ಬಿಟ್ಟುಕೊಳ್ಳಬೇಕು. ಒಳ್ಳೆಯ ಇನ್ವರ್ಟರ್‌ಗಳ ಒಳಗೆ ಇದಕ್ಕೆಂದೇ ಒಂದು ರಿಲೇ ಇರುತ್ತದೆ. ಅದು ಬ್ಯಾಟರಿಗೆ ಬಂದಾಗ ಕೂಡುತ್ತದೆ, ಲೈನಿಗೆ ಹೋದಾಗ ಬಿಡುತ್ತದೆ. ಕೆಲವದರಲ್ಲಿ ಅದನ್ನು ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು. ರಿಲೇ ಇಲ್ಲದ ಇನ್ವರ್ಟರ್ ಆದರೆ ಹೊರಗೆ ಕಾಂಟ್ಯಾಕ್ಟರ್ ಹಾಕಬೇಕಾಗುತ್ತದೆ. ಅದೂ ಮ್ಯಾನುಯಲ್ ಒಪ್ಪಿದರೆ ಮಾತ್ರ. ಜನರೇಟರ್ ಇದ್ದರೆ ಚೇಂಜ್‌ಓವರ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವಂಥದ್ದೇ ಆಗಿರಲಿ.

ಈಗ ಸುಮ್ಮಸುಮ್ಮನೆ ಟ್ರಿಪ್ ಆಗುವುದಕ್ಕೆ ಬರುತ್ತೇನೆ. ನನ್ನ ಅನುಮಾನ ನ್ಯೂಟ್ರಲ್ ಮೇಲೆ. ನಮ್ಮಲ್ಲಿ ‘ಇನ್ವರ್ಟರ್ ಲೈನ್’ ಎಂದರೆ ಒಂದೇ ಒಂದು ಫೇಸ್ ವೈರ್ ಎಳೆದು, ನ್ಯೂಟ್ರಲನ್ನು ಹತ್ತಿರದ ಸ್ವಿಚ್ ಬೋರ್ಡಿನಿಂದ ಕಡ ತೆಗೆದುಕೊಳ್ಳುವ ಹಳೇ ರೂಢಿಯಿದೆ. ವೈರ್ ಉಳಿಯುತ್ತದೆ, ದೀಪವೂ ಉರಿಯುತ್ತದೆ. ಆದರೆ ಒಂದು ಆರ್‌ಸಿಸಿಬಿಯಿಂದ ಹೊರಟ ಕರೆಂಟು ಇನ್ನೊಂದರ ನ್ಯೂಟ್ರಲಿನಲ್ಲಿ ವಾಪಸಾದರೆ ಎರಡೂ ಬೀಳುತ್ತವೆ. ಜಂಕ್ಷನ್ ಬಾಕ್ಸುಗಳನ್ನು ಬಿಚ್ಚಿ, ಕಪ್ಪು ವೈರುಗಳನ್ನು ಒಂದೊಂದಾಗಿ ಹಿಡಿದು ಬೇರ್ಪಡಿಸದೆ ಇದಕ್ಕೆ ಮದ್ದಿಲ್ಲ. ಬೇಸರದ ಕೆಲಸ, ಎರಡು ದಿನದ ಕೂಲಿ ಕೇಳಿದರೂ ಕೊಡಿ.

ನಿಮ್ಮ ಆರ್‌ಸಿಸಿಬಿ ಇನ್ವರ್ಟರಿಗಿಂತ ಮುಂಚೆ ಲೈನ್ ಬದಿಗೆ ಇದೆಯೋ, ನಂತರ ಇದೆಯೋ ಎಂಬುದನ್ನೂ ನೋಡಿ. ಲೈನ್ ಇಲ್ಲದಾಗ, ಇನ್ವರ್ಟರ್ ಮೇಲೆ ನಡೆಯುವಾಗ ಬಟನ್ ಒತ್ತಿ. ಆರ್‌ಸಿಸಿಬಿ ಬೀಳದಿದ್ದರೆ ಅದು ಇನ್ವರ್ಟರಿನ ಹಿಂದಿದೆ, ಔಟ್‌ಪುಟ್ಟಿನ ಲೀಕೇಜ್ ಅದಕ್ಕೆ ಕಾಣುವುದೇ ಇಲ್ಲ ಎಂದರ್ಥ.

ಒಂದೇ ಸಾಕೇ ಎಂದರೆ, ಸಾಲದು. ಮನೆ ಇನ್ವರ್ಟರಿನ ಆಚೆ ಅಡುಗೆಮನೆ–ಬಚ್ಚಲಿಗೆ ಒಂದು, ಉಳಿದ ಕೋಣೆಗಳಿಗೆ ಒಂದು, ಎರಡೂ 30 ಮಿಲಿಆಂಪಿಯರಿನವು. ಇನ್ನೊಂದು ಇನ್ವರ್ಟರಿನಲ್ಲಿ ಪಲ್ಪರ್ ಶೆಡ್ಡಿಗೆ ಒಂದು, ಲೈನ್ ಮನೆಗಳಿಗೆ ಮನೆಗೊಂದು. ಒದ್ದೆ ಕೈಯಲ್ಲಿ ಮೋಟರ್ ಸ್ವಿಚ್ ಒತ್ತುವವರು ಶೆಡ್ಡಿನಲ್ಲೇ ಇರುವುದು, ಅಲ್ಲಿ ಉಳಿತಾಯ ಬೇಡ. ಹಿಂದೆ ಮೇನಿಗೆ ಇನ್ನೊಂದು ಹಾಕುವುದಿದ್ದರೆ ತಡೆದು ಬೀಳುವ ‘ಎಸ್’ ಗುರುತಿನ 100 ಅಥವಾ 300 ಮಿಲಿಆಂಪಿಯರಿನದು ಇರಲಿ. ಇಲ್ಲವಾದರೆ ಶೆಡ್ಡಿನ ತಪ್ಪಿಗೆ ಲೈನ್ ಮನೆಗಳೂ ಕತ್ತಲಾಗುತ್ತವೆ. ಕೊಳ್ಳುವಾಗ ಮುಖದ ಮೇಲಿನ ಗುರುತು ನೋಡಿ. ಬರೀ ಒಂದು ಅಲೆ ಇದ್ದರೆ ಅದು ಎಸಿ ಟೈಪ್, ಅಗ್ಗ. ಅಲೆಯ ಕೆಳಗೆ ಅರ್ಧ ಅಲೆಗಳೂ ಇದ್ದರೆ ಎ ಟೈಪ್. ಎಲೆಕ್ಟ್ರಾನಿಕ್ಸ್ ತುಂಬಿದ ಇವತ್ತಿನ ಮೆಷಿನ್‌ಗಳಿಗೆ ಕನಿಷ್ಠ ಎ ಟೈಪ್ ಬೇಕು. ಕೆಲವು ಇನ್ವರ್ಟರ್ ಕಂಪನಿಗಳು ಬಿ ಟೈಪೇ ಬೇಕೆನ್ನುತ್ತವೆ, ಅದು ದುಬಾರಿ. ಯಾವುದೇ ಆಗಲಿ, ಐಎಸ್ 12640 ಮುದ್ರೆ ಇರಲಿ. ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲವಾದ್ದರಿಂದ ಎಂಸಿಬಿಗಳೂ ಇರಲೇಬೇಕು.

ಟ್ರಾನ್ಸ್‌ಫಾರ್ಮರ್ ಇಲ್ಲದ ಹಗುರ ಇನ್ವರ್ಟರ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಪ್ಯಾನೆಲ್ ಬದಿಗೂ ಎಸಿ ಬದಿಗೂ ಒಳಗೇ ನಂಟಿರುವುದುಂಟು. ಮ್ಯಾನುಯಲ್ ಓದದೆ ನ್ಯೂಟ್ರಲನ್ನು ಅರ್ತಿಗೆ ಕೂಡಿಸಿದರೆ ಇನ್ವರ್ಟರ್ ಸುಟ್ಟೀತು. ಇಂಥವುಗಳಲ್ಲಿ ಪ್ಯಾನೆಲಿನ ಪ್ಲಸ್ ಆಗಲಿ ಮೈನಸ್ ಆಗಲಿ ಅರ್ತ್ ಮಾಡಬೇಡಿ. ಫ್ರೇಮ್ ಮತ್ತು ಸ್ಟ್ರಕ್ಚರನ್ನು ಮಾತ್ರ ಖಂಡಿತ ಮಾಡಿ. ಮಲೆನಾಡಿನ ಮಳೆಯಲ್ಲಿ ನೆಂದ ಪ್ಯಾನೆಲ್‌ಗಳಿಂದ ನೆಲಕ್ಕೆ ಸೋರುವ ಕರೆಂಟು ಹೆಚ್ಚುತ್ತದೆ. ಆಷಾಢದಲ್ಲಿ ಮಾತ್ರ ಟ್ರಿಪ್ ಆಗುತ್ತಿದ್ದರೆ ಪ್ಯಾನೆಲ್ ಕೇಬಲನ್ನು ಮೆಗ್ಗರ್ ಹಾಕಿ ನೋಡಿಸಿ. ಡಿಸಿ ಬದಿಯ ತಪ್ಪು ಎಸಿ ಬದಿಯ ಆರ್‌ಸಿಸಿಬಿಗೆ ಕಾಣುತ್ತದೆಂದು ಮಾತ್ರ ನೆಚ್ಚಿಕೊಳ್ಳಬೇಡಿ. ಅದಕ್ಕೆ ಕೆಲವು ಇನ್ವರ್ಟರ್‌ಗಳಲ್ಲಿ ಇನ್ಸುಲೇಷನ್ ಅಲಾರಂ ಬೇರೆಯೇ ಇರುತ್ತದೆ.

ಇದ್ಯಾವುದನ್ನೂ ಈ ಪುಟ ಓದಿ ಸ್ವಂತವಾಗಿ ಮಾಡಲು ಹೋಗಬೇಡಿ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಂಟ್ರ್ಯಾಕ್ಟರನ್ನು ಕರೆಸಿ. ಆರ್‌ಸಿಸಿಬಿ ಟೆಸ್ಟರ್ ಎಂಬ ಉಪಕರಣ ಅವರ ಹತ್ತಿರ ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಲೈನ್ ಕರೆಂಟಿನಲ್ಲೊಮ್ಮೆ, ಇನ್ವರ್ಟರಿನಲ್ಲೊಮ್ಮೆ, ಜನರೇಟರ್ ಇದ್ದರೆ ಅದರಲ್ಲೂ ಒಮ್ಮೆ, ಕೊನೆಯ ಲೈನ್ ಮನೆಯ ಸಾಕೆಟ್ಟಿಗೆ ಅದನ್ನು ಚುಚ್ಚಿ ನಿಮ್ಮೆದುರಿಗೇ ಟ್ರಿಪ್ ಮಾಡಿಸಲಿ. ಅಲ್ಲಿಯವರೆಗೆ ಬಾಕಿ ಹಣ ಕೊಡಬೇಡಿ.