ಓದಿದ ಮಗಳೂ ಮತ್ತೆ ಅಕ್ಷರ ಕಲಿತಳು



ಇದು ಒಬ್ಬ ತಾಯಿ ಮತ್ತು ಮಗಳ ಕತೆ. ತಾಯಿ ಹೊನ್ನಾಳಿ ಕಡೆಯವರು. ಮಗಳು ಓದಲು ಜಪಾನ್ ದೇಶಕ್ಕೆ ಹೋದಳು. ಹೆಸರು ಬರೆಯೋದು ಬೇಡ ಅಂತ ತಾಯಿ ಹೇಳಿದ್ದಾರೆ. ಅದಕ್ಕೇ ನಾವು ಹೆಸರು ಬರೆದಿಲ್ಲ.

ಮಗಳ ಓದಿಗೆ ಬ್ಯಾಂಕಿನಲ್ಲಿ ಸಾಲ ಆಯಿತು. ಸಾಲದ ಕಾಗದಕ್ಕೆ ತಾಯಿಯ ಒಪ್ಪಿಗೆಯೂ ಬೇಕಿತ್ತು. ಮಗಳು ಸಹಿ ಮಾಡಿದಳು. ತಾಯಿ ಹೆಬ್ಬೆಟ್ಟು ಒತ್ತಿದರು. ಹೊರಗೆ ಬಂದ ಮೇಲೆ ತಾಯಿ ಕೇಳಿದರು.

"ಅದರಾಗೆ ಏನು ಬರೆದಿತ್ತವ್ವಾ?"

ಮಗಳು ಓದಿ ಹೇಳಿದಳು. ತಾಯಿ ಮತ್ತೆ ಕೇಳಿದರು.

"ನೀನು ಹೋದ ಮೇಲೆ ಬ್ಯಾಂಕಿನ ಕಾಗದ ಬಂದ್ರೆ ಯಾರು ಓದ್ತಾರೆ?"

ಮಗಳು ಸುಮ್ಮನಾದಳು. ಮುಂದಿನ ಸೋಮವಾರ ಆ ತಾಯಿ ನಮ್ಮ ಕಲಿಕಾ ಕೇಂದ್ರಕ್ಕೆ ಬಂದರು. ಸ್ಲೇಟು ಹಿಡಿದರು. ಆಗ ಅವರಿಗೆ 46 ವರ್ಷ.

ಜಪಾನ್ ಎಲ್ಲಿದೆ?

ಜಪಾನ್ ನಮಗೆ ಪೂರ್ವದಲ್ಲಿದೆ. ಸುತ್ತಲೂ ಸಮುದ್ರ. ನಾಲ್ಕು ದೊಡ್ಡ ದ್ವೀಪಗಳು, ಸಾವಿರಾರು ಸಣ್ಣ ದ್ವೀಪಗಳು ಸೇರಿ ಆ ದೇಶ ಆಗಿದೆ. ರಾಜಧಾನಿ ಟೋಕಿಯೊ. ಅಲ್ಲಿನ ಹಣಕ್ಕೆ ಯೆನ್ ಅಂತಾರೆ. ನಮಗಿಂತ ಅಲ್ಲಿ ಗಡಿಯಾರ ಮೂರೂವರೆ ಗಂಟೆ ಮುಂದೆ. ನಮ್ಮಲ್ಲಿ ಸಂಜೆ 6 ಗಂಟೆ ಆದರೆ ಅಲ್ಲಿ ರಾತ್ರಿ ಒಂಬತ್ತೂವರೆ.

ಅಲ್ಲಿನವರೂ ಅನ್ನ ಉಣ್ಣುವ ಜನ. ನೀರು ನಿಲ್ಲಿಸಿ ಭತ್ತ ಬೆಳೀತಾರೆ. ಚಪ್ಪಲಿ ಬಿಟ್ಟೇ ಮನೆಯೊಳಗೆ ಹೋಗ್ತಾರೆ. ಶಾಲೆ ಶುರುವಾಗೋದು ಏಪ್ರಿಲ್ ತಿಂಗಳಲ್ಲಿ. ನಮ್ಮಲ್ಲಿ ಯುಗಾದಿಯ ಹೊತ್ತಿಗೆ ಮಾವು, ಬೇವು ಚಿಗುರುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಟೋಕಿಯೊದಲ್ಲಿ ಚೆರ್ರಿ ಗಿಡ ತುಂಬಾ ಹೂವು. ಮಗಳು ಹೋಗಿ ಇಳಿದದ್ದು ಆ ಹೂವಿನ ಕಾಲದಲ್ಲಿ.

ಸಾರು ಸಿಹಿ ಆಯಿತು

ದೊಡ್ಡ ರೈಲು ನಿಲ್ದಾಣಗಳಲ್ಲಿ ಇಂಗ್ಲಿಷ್ ಬೋರ್ಡು ಇದ್ದವು. ಕೋಣೆಗೆ ಹೋಗುವ ತನಕ ತೊಂದರೆ ಆಗಲಿಲ್ಲ. ಮಾರನೇ ದಿನ ಮಗಳು ಅಂಗಡಿಗೆ ಹೋದಳು. ಅಕ್ಕಿ ತಗೊಂಡಳು. ಬೇಳೆಯನ್ನು ಊರಿನಿಂದ ಒಯ್ದಿದ್ದಳು. ಉಪ್ಪು ಬೇಕಿತ್ತು. ಬಿಳಿ ಪುಡಿಯ ಪೊಟ್ಟಣಗಳು ಸಾಲಾಗಿ ಇದ್ದವು. ಮೇಲೆ ಬರೀ ಜಪಾನಿ ಅಕ್ಷರ. ಒಂದು ಪೊಟ್ಟಣ ತಂದಳು. ಸಾರಿಗೆ ಹಾಕಿದಳು. ಸಾರು ಸಿಹಿ ಆಯಿತು. ಅದು ಸಕ್ಕರೆ!

ಜಪಾನಿ ಮಾತಿನಲ್ಲಿ ಉಪ್ಪಿಗೆ ಶಿಯೊ ಅಂತಾರೆ. ಸಕ್ಕರೆಗೆ ಸಾತೋ ಅಂತಾರೆ. ಓದಲು ಬಂದಿದ್ದರೆ ಎರಡೂ ಬೇರೆ ಬೇರೆ. ಓದಲು ಬಾರದವರಿಗೆ ಎರಡೂ ಬಿಳಿ ಪುಡಿ.

ಆ ರಾತ್ರಿ ಮಗಳು ಫೋನ್ ಮಾಡಿ ಅತ್ತಳು.

"ಅವ್ವಾ, ಇಷ್ಟು ಓದೀನಿ. ಆದರೂ ಇಲ್ಲಿ ನಾನು ಅನಕ್ಷರಸ್ಥೆ. ಎಲ್ಲದಕ್ಕೂ ಯಾರನ್ನಾದ್ರೂ ಕೇಳಬೇಕು. ನಾಚಿಕೆ ಆಗ್ತದೆ."

ತಾಯಿ ಹೇಳಿದರು. "ನಾನು ನ್ಯಾಮತಿ ಬಸ್ಸು ಅಂತ ಬೇರೆ ಬಸ್ಸು ಹತ್ತಿದ್ದು ನೆನಪೈತಾ? ಕಂಡಕ್ಟರು ಬೈದು ಇಳಿಸಿದ್ದ. ಅವತ್ತು ನಂಗೂ ಹಿಂಗೇ ಆಗಿತ್ತು. ಅಳಬ್ಯಾಡ. ನಾನು ನಿನ್ನೆ 'ರ' ಬರೆಯೋದು ಕಲಿತೆ. ನೀನು ಎಷ್ಟು ಕಲಿತೆ ಹೇಳು."

ಮಗಳು ಕಣ್ಣೊರೆಸಿಕೊಂಡು ಹೇಳಿದಳು. "ಐದು."

ಆ ಐದು ಅಕ್ಷರ ಯಾವುವು?

ಅ, ಇ, ಉ, ಎ, ಒ. ಹೌದು, ಇವೇ ಜಪಾನಿನ ಐದು ಸ್ವರಗಳು. ಬರೆಯುವ ರೂಪ ಬೇರೆ, ಉಲಿಯುವುದು ಹೀಗೇ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಬರುತ್ತವೆ. ನಮ್ಮ ಅಕ್ಷರಮಾಲೆಯ ಹಾಗೇ ಇದೆ, ಅಲ್ಲವೇ? ಇದಕ್ಕೆ ಕಾರಣ ಇದೆ. ನೂರಾರು ವರ್ಷಗಳ ಹಿಂದೆ ಬೌದ್ಧ ಧರ್ಮದ ಜೊತೆ ನಮ್ಮ ದೇಶದ ಒಂದು ಲಿಪಿ ಚೀನಾಕ್ಕೆ ಹೋಯಿತು. ಅಲ್ಲಿಂದ ಜಪಾನಿಗೆ ಹೋಯಿತು. ಅದನ್ನು ಕಲಿತ ಭಿಕ್ಷುಗಳಿಂದ ಜಪಾನಿನ ಅಕ್ಷರಗಳಿಗೆ ಈ ಸಾಲು ಬಂತು.

ಜಪಾನಿ ಬರವಣಿಗೆಯಲ್ಲಿ ಮೂರು ಬಗೆ ಇವೆ.

ಒಂದು, ಹಿರಗಾನ. ಇದರಲ್ಲಿ ಮೂಲ ಅಕ್ಷರ 46. ಮಕ್ಕಳು ಮೊದಲು ಕಲಿಯುವುದು ಇದನ್ನೇ.

ಎರಡು, ಕತಕಾನ. ಇದರಲ್ಲೂ 46. ಹೊರದೇಶದ ಹೆಸರು, ಹೊರಗಿನ ಮಾತು ಬರೆಯಲು ಇದು ಬೇಕು.

ಮೂರು, ಕಾಂಜಿ. ಇದು ಚೀನಾದಿಂದ ಬಂದದ್ದು. ಇಲ್ಲಿ ಒಂದೊಂದು ಗುರುತಿಗೂ ಒಂದು ಅರ್ಥ ಇದೆ. ಮರಕ್ಕೆ ಒಂದು ಗುರುತು. ಅದನ್ನೇ ಎರಡು ಸಲ ಪಕ್ಕಪಕ್ಕ ಬರೆದರೆ ತೋಪು. ಮೂರು ಸಲ ಬರೆದರೆ ಕಾಡು. ದಿನದ ಬಳಕೆಗೆ ಸರ್ಕಾರ ಗೊತ್ತು ಮಾಡಿರುವ ಕಾಂಜಿ 2,136.

ನಮ್ಮ ಕನ್ನಡ ವರ್ಣಮಾಲೆಯಲ್ಲಿ ಅಕ್ಷರ 49. ಇದನ್ನು ಕೇಳಿ ನಮ್ಮ ಕೇಂದ್ರದಲ್ಲಿ ಎಲ್ಲರೂ ನಕ್ಕರು. "ನಮ್ದೇ ವಾಸಿ ಕಣ್ರಿ" ಅಂದರು.

ಮಾತಿನ ಜೋಡಣೆ ಮಾತ್ರ ನಮಗೆ ಸುಲಭ. "ನಾನು ನೀರು ಕುಡಿಯುತ್ತೇನೆ" ಅಂತ ನಾವು ಹೇಳ್ತೀವಿ. ಅವರು "ವತಾಶಿ ವ ಮಿಝು ಒ ನೋಮಿಮಾಸು" ಅಂತಾರೆ. ವತಾಶಿ ಅಂದ್ರೆ ನಾನು. ಮಿಝು ಅಂದ್ರೆ ನೀರು. ನೋಮಿಮಾಸು ಅಂದ್ರೆ ಕುಡಿಯುತ್ತೇನೆ. ಅದೇ ಸಾಲು! ಕ್ರಿಯೆ ಕೊನೆಗೇ ಬರುತ್ತದೆ.

ಹೊನ್ನಾಳಿ ಹೋಗಿ ಹೊನ್ನಾರಿ

ಜಪಾನಿ ಭಾಷೆಯಲ್ಲಿ ಲ ಇಲ್ಲ, ಳ ಇಲ್ಲ. ಎರಡರ ಜಾಗದಲ್ಲೂ ರ ಬರುತ್ತದೆ. ಮಗಳು ತನ್ನ ಊರಿನ ಹೆಸರನ್ನು ಕತಕಾನದಲ್ಲಿ ಬರೆದಳು. ಹೊನ್ನಾಳಿ ಹೋಗಿ ಹೊನ್ನಾರಿ ಆಯಿತು. ಜಗಳೂರು ಜಗರೂರು ಆಯಿತು. ಚನ್ನಗಿರಿ ಮಾತ್ರ ಚನ್ನಗಿರಿ ಆಗಿಯೇ ಉಳಿಯಿತು. ತಾಯಿ ಅದನ್ನು ಸ್ಲೇಟಿನ ಮೇಲೆ ಬರೆದು ನಮಗೆ ತೋರಿಸಿದರು. "ನಮ್ಮೂರಿಗೆ ಅಲ್ಲೊಂದು ಹೆಸರು ಐತೆ" ಅಂದರು.

ಮೊದಲ ದಿನಗಳ ಕೆಲಸ

ಮಗಳು ಹೋದ ಹೊಸದರಲ್ಲಿ ಮಾಡಿದ ಕೆಲಸಗಳನ್ನು ನೋಡಿ. ನಿಮ್ಮ ಮಕ್ಕಳೂ ನಾಳೆ ಹೋಗಬಹುದು.

1. ವಿಮಾನ ನಿಲ್ದಾಣದಲ್ಲೇ ವಾಸದ ಕಾರ್ಡು ಕೊಟ್ಟರು. ಅದು ಯಾವಾಗಲೂ ಹತ್ತಿರ ಇರಬೇಕು.

2. ಮನೆ ಗೊತ್ತಾದ 14 ದಿನದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು.

3. ಆರೋಗ್ಯ ವಿಮೆಗೆ ಸೇರಬೇಕು. ವಿಮೆ ಇದ್ದರೆ ಆಸ್ಪತ್ರೆಯ ಖರ್ಚು 100 ಯೆನ್ ಆದರೆ ತಾನು ಕೊಡುವುದು 30 ಯೆನ್.

4. ಕಸ ಬೇರೆ ಮಾಡಬೇಕು. ಸುಡುವ ಕಸಕ್ಕೆ ಒಂದು ದಿನ, ಬಾಟಲಿಗೆ ಒಂದು ದಿನ, ಡಬ್ಬಿಗೆ ಒಂದು ದಿನ. ದಿನ ತಪ್ಪಿದರೆ ಕಸ ಒಯ್ಯುವುದಿಲ್ಲ.

5. ಭೂಮಿ ನಡುಗಿದರೆ ಮೇಜಿನ ಕೆಳಗೆ ಕೂತು ತಲೆ ಕಾಪಾಡಿಕೊಳ್ಳಬೇಕು. ಅಲ್ಲಿ ಭೂಕಂಪ ಜಾಸ್ತಿ. ಬೆಂಕಿಗೂ ಆಂಬುಲೆನ್ಸಿಗೂ 119, ಪೊಲೀಸರಿಗೆ 110.

6. ಓದುವವರು ಜೊತೆಗೆ ಕೂಲಿ ಕೆಲಸ ಮಾಡಲು ಪರವಾನಗಿ ಬೇಕು. ಶಾಲೆ ನಡೆಯುವಾಗ ವಾರಕ್ಕೆ 28 ಗಂಟೆ ಮೀರುವಂತಿಲ್ಲ.

ಆರನೆಯ ಮಾತನ್ನು ತಾಯಂದಿರು ಗಟ್ಟಿಯಾಗಿ ನೆನಪಿಡಿ. "ಅಲ್ಲಿ ದುಡಿದೇ ಸಾಲ ತೀರಿಸಬಹುದು" ಅಂತ ಕೆಲವು ಏಜೆಂಟರು ಹೇಳ್ತಾರೆ. 28 ಗಂಟೆಯ ಕೂಲಿಯಲ್ಲಿ ಶುಲ್ಕ, ಬಾಡಿಗೆ, ಊಟ, ಸಾಲ ಎಲ್ಲಾ ನಡೆಯುವುದು ಕಷ್ಟ. ಮಾತು ಕೇಳಿ ಹಣ ಕೊಡಬೇಡಿ. ಕಾಗದ ಕೇಳಿ. ಓದಿ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನವೂ ಇದೆ. ಅದು ಸಿಕ್ಕರೆ ಶುಲ್ಕ, ವಿಮಾನದ ಖರ್ಚು ಅವರದೇ.

ಅಕ್ಷರ ಹೆಂಗಸರ ಕೈಯಲ್ಲಿ

ಸಾವಿರ ವರ್ಷದ ಹಿಂದೆ ಜಪಾನಿನ ಗಂಡಸರು ಚೀನಾದ ಅಕ್ಷರವನ್ನೇ ದೊಡ್ಡದು ಅಂತಿದ್ದರು. ಸುಲಭವಾದ ಹಿರಗಾನವನ್ನು "ಹೆಂಗಸರ ಕೈಬರಹ" ಅಂತ ಕರೆದರು. ಆ ಕೈಬರಹದಲ್ಲೇ ಮುರಾಸಾಕಿ ಶಿಕಿಬು ಎಂಬ ಹೆಂಗಸು ದೊಡ್ಡ ಕತೆ ಬರೆದಳು. ಅದರ ಹೆಸರು ಗೆಂಜಿ ಮೊನೊಗತಾರಿ. ಲೋಕದ ಮೊದಲ ಕಾದಂಬರಿ ಅದೇ ಅಂತ ಹೇಳುವವರು ಬಹಳ ಮಂದಿ.

ಇನ್ನೊಬ್ಬಳು ತ್ಸುದಾ ಉಮೆಕೊ. 1871ರಲ್ಲಿ ಜಪಾನ್ ಸರ್ಕಾರ ಐವರು ಹುಡುಗಿಯರನ್ನು ಓದಲು ಅಮೆರಿಕಕ್ಕೆ ಕಳಿಸಿತು. ಎಲ್ಲರಿಗಿಂತ ಚಿಕ್ಕವಳು ಉಮೆಕೊ. ಅವಳಿಗೆ ಆಗ ಆರೇ ವರ್ಷ. 1882ರಲ್ಲಿ ತಿರುಗಿ ಬಂದಾಗ ಅವಳಿಗೆ ತಾಯಿಮಾತೇ ಮರೆತುಹೋಗಿತ್ತು. ಅದನ್ನು ಮತ್ತೆ ಕಲಿತಳು. 1900ರಲ್ಲಿ ಟೋಕಿಯೊದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಳು. ಅದು ಈಗ ವಿಶ್ವವಿದ್ಯಾಲಯ. 2024ರಲ್ಲಿ ಬಂದ 5,000 ಯೆನ್ ನೋಟಿನ ಮೇಲೆ ಅವಳ ಚಿತ್ರ ಇದೆ.

ನಮ್ಮ ವಿಶ್ವೇಶ್ವರಯ್ಯನವರೂ 1898ರಲ್ಲಿ ಜಪಾನ್ ನೋಡಿ ಬಂದರು. 1912ರಲ್ಲಿ ಮೈಸೂರಿನ ದಿವಾನರಾದರು. ಚನ್ನಗಿರಿ, ಹೊನ್ನಾಳಿ, ಜಗಳೂರು ಆಗ ಮೈಸೂರು ಸಂಸ್ಥಾನದಲ್ಲೇ ಇದ್ದವು. ಜನ ಓದದೆ ನಾಡು ಮುಂದೆ ಬರೋದಿಲ್ಲ ಅನ್ನೋದು ಅವರ ನಂಬಿಕೆ.

ಬ್ಯಾಂಕಿನ ಕಾಗದ ಬಂತು

ಆರು ತಿಂಗಳು ಕಳೆಯಿತು. ಮಗಳು ಈಗ ಉಪ್ಪಿನ ಪೊಟ್ಟಣ ಓದುತ್ತಾಳೆ. ಔಷಧಿ ಚೀಟಿ ಓದಲು ಈಗಲೂ ಒಬ್ಬರು ಬೇಕು.

ಒಂದು ದಿನ ತಾಯಿ ಕೇಂದ್ರಕ್ಕೆ ಕಾಗದ ಹಿಡಿದು ಬಂದರು. ಬ್ಯಾಂಕಿನದು. "ನಾನೇ ಓದ್ತೀನಿ, ನೀವು ಸುಮ್ಮನಿರಿ" ಅಂದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. ತಮ್ಮ ಹೆಸರು ಓದಿದರು. ಮಗಳ ಹೆಸರು ಓದಿದರು. ಬಡ್ಡಿ ಎಂಬ ಮಾತು ಓದಿದರು. ಅದರ ಮುಂದಿನ ಅಂಕಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಒಂದು ಒತ್ತಕ್ಷರ ಮಾತ್ರ ಬರಲಿಲ್ಲ. ಅದನ್ನು ನಮ್ಮನ್ನು ಕೇಳಿದರು.

ಮರುದಿನ ಬ್ಯಾಂಕಿಗೆ ಹೋಗಿ ಲೆಕ್ಕ ಕೇಳಿ ಬಂದರು. ಅಲ್ಲಿ ಒಂದು ಅರ್ಜಿ ಕೊಟ್ಟರು. ಹೆಬ್ಬೆಟ್ಟಿನ ಶಾಯಿ ಮುಂದಿಟ್ಟರು. ತಾಯಿ ಹೇಳಿದರು.

"ಪೆನ್ನು ಕೊಡ್ರಿ."

ಅಭ್ಯಾಸ

1. ಈ ಪದಗಳನ್ನು ಓದಿ, ಬರೆಯಿರಿ: ಉಪ್ಪು, ಸಕ್ಕರೆ, ಬ್ಯಾಂಕು, ಬಡ್ಡಿ, ವಿಳಾಸ, ಪರವಾನಗಿ.

2. ನಿಮ್ಮ ಹೆಸರನ್ನು ಬರೆಯಿರಿ. ಅದರಲ್ಲಿ ಲ ಅಥವಾ ಳ ಇದ್ದರೆ ರ ಹಾಕಿ ಓದಿ. ಜಪಾನಿನಲ್ಲಿ ನಿಮ್ಮನ್ನು ಹೇಗೆ ಕರೆಯಬಹುದು?

3. ನಮ್ಮಲ್ಲಿ ಬೆಳಿಗ್ಗೆ 6 ಗಂಟೆ ಆದಾಗ ಜಪಾನಿನಲ್ಲಿ ಎಷ್ಟು ಗಂಟೆ?

4. ಓದಲು ಬಾರದೆ ನಿಮಗೆ ಆದ ಒಂದು ತೊಂದರೆಯನ್ನು ಗುಂಪಿನಲ್ಲಿ ಹೇಳಿ. ಆಮೇಲೆ ಅದನ್ನೇ ಎರಡು ಸಾಲಿನಲ್ಲಿ ಬರೆಯಿರಿ.