ತುಟಿಗೆ ತಕ್ಕ ಮೌತ್‌ಪೀಸ್ ಯಾವುದು?

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ದೊಡ್ಡಪ್ಪನ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುತ್ತೇನೆ. ಮೆರವಣಿಗೆ ಹೊರಟ ಅರ್ಧ ಗಂಟೆ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಮೇಲಿನ ಸ್ವರ ಹಿಡಿಯುವುದಿಲ್ಲ, ಬರೀ ಗಾಳಿ ಬರುತ್ತದೆ. ತುಟಿ ಊದಿಕೊಳ್ಳುತ್ತದೆ, ರಾತ್ರಿಯೆಲ್ಲ ಉರಿ. ‘ನಿನ್ನ ತುಟಿ ದಪ್ಪ, ಟ್ರಂಪೆಟ್ ನಿನಗಲ್ಲ, ಯುಫೋನಿಯಂ ಹಿಡಿ’ ಎನ್ನುತ್ತಾರೆ ಜೊತೆಯವರು. ಆಳ ಕಡಿಮೆ ಇರುವ ಚಿಕ್ಕ ಮೌತ್‌ಪೀಸ್ ತರಿಸಿಕೊಂಡರೆ ಮೇಲಿನ ಸ್ವರ ತಾನಾಗಿ ಬರುತ್ತದೆ ಎಂದು ಇನ್ನೊಬ್ಬರು. ಅದರ ಬೆಲೆ ಹನ್ನೆರಡು ಸಾವಿರ. ಈಗಿನದು ದೊಡ್ಡಪ್ಪನ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಸ್ವಲ್ಪ ಅಲ್ಲಾಡುತ್ತದೆ, ಕಾಗದ ಸುತ್ತಿಕೊಳ್ಳುತ್ತೇನೆ. ಸಾಲ ಮಾಡಿ ಹೊಸದು ಕೊಳ್ಳಲೇ, ಇಲ್ಲ ಟ್ರಂಪೆಟ್ಟನ್ನೇ ಬಿಟ್ಟುಬಿಡಲೇ?
- ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಸಾಲ ಮಾಡಬೇಡಿ. ಟ್ರಂಪೆಟ್ ಬಿಡುವ ಮಾತಂತೂ ಬೇಡವೇ ಬೇಡ. ನಿಮ್ಮ ಪತ್ರದ ಕೊನೆಯಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಲ್ಲ, ಮೌತ್‌ಪೀಸ್ ಅಲ್ಲಾಡುತ್ತದೆ, ಕಾಗದ ಸುತ್ತುತ್ತೇನೆ ಎಂದು, ನನ್ನ ಕಣ್ಣು ನಿಂತದ್ದು ಅಲ್ಲೇ.

ಹೊಂದುವ ಮೌತ್‌ಪೀಸ್‌ಗೆ ಕಾಗದ ಬೇಕಾಗುವುದಿಲ್ಲ. ವಾದ್ಯದ ಬಾಯಿಗೆ ಇಟ್ಟು ಮೆಲ್ಲಗೆ ತಿರುಗಿಸಿದರೆ ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಹೋಗಿ ಗಟ್ಟಿಯಾಗಿ ಕೂತುಬಿಡಬೇಕು. ನಿಮ್ಮ ಹತ್ತಿರ ಇರುವುದು ಕಾರ್ನೆಟ್‌ನ ಮೌತ್‌ಪೀಸ್ ಎಂದು ನನಗೆ ಬಲವಾದ ಅನುಮಾನ. ಹಳೆಯ ಬ್ಯಾಂಡ್‌ಸೆಟ್‌ನ ಪೆಟ್ಟಿಗೆಯಲ್ಲಿ ಕಾರ್ನೆಟ್‌ನದೂ ಟ್ರಂಪೆಟ್‌ನದೂ ಬೆರೆತುಹೋಗಿರುವುದು ಹೊಸದೇನಲ್ಲ. ಸ್ಕೇಲ್ ಇಟ್ಟು ಅಳೆದು ನೋಡಿ. ಟ್ರಂಪೆಟ್‌ನದು ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದ ಇರುತ್ತದೆ. ಕಾರ್ನೆಟ್‌ನದು ಅದಕ್ಕಿಂತ ಎದ್ದುಕಾಣುವಷ್ಟು ಗಿಡ್ಡ, ವಾದ್ಯದೊಳಗೆ ಕೂರುವ ಕಾಲು ಕೂಡ ಸಪೂರ. ಹಾಗಾಗಿ ಟ್ರಂಪೆಟ್‌ನೊಳಗೆ ಅತಿಯಾಗಿ ಇಳಿದು ಅಲ್ಲಾಡುತ್ತದೆ. ಕಾಗದ ಸುತ್ತಿದರೆ ಅಲ್ಲಾಟ ನಿಲ್ಲಬಹುದು, ಗಾಳಿ ಸೋರುವುದು ನಿಲ್ಲುವುದಿಲ್ಲ. ಶ್ರುತಿ ಹದ ತಪ್ಪುತ್ತದೆ, ಮೇಲಿನ ಸ್ವರಗಳು ಜಾರುತ್ತವೆ. ಅವನ್ನು ಹಿಡಿಯಲು ನೀವು ವಾದ್ಯವನ್ನು ತುಟಿಗೆ ಒತ್ತುತ್ತೀರಿ. ಒತ್ತಿದಷ್ಟೂ ತುಟಿಯಲ್ಲಿ ರಕ್ತದ ಓಡಾಟ ಕುಗ್ಗುತ್ತದೆ, ತುಟಿ ಕಂಪಿಸುವುದಿಲ್ಲ, ಊತ ಏರುತ್ತದೆ. ಅರ್ಧ ಗಂಟೆಗೇ ನೀವು ಸೋಲುತ್ತಿರುವುದಕ್ಕೆ ಇಷ್ಟು ಕಾರಣ ಸಾಕು.

ಅಳತೆ ಸರಿಯಿದ್ದೂ ಅಲ್ಲಾಡುತ್ತಿದ್ದರೆ ತಪ್ಪು ವಾದ್ಯದ ಕಡೆಯದಿರಬಹುದು. ನಮ್ಮ ಬ್ಯಾಂಡ್‌ಸೆಟ್‌ಗಳ ವಾದ್ಯಗಳಲ್ಲಿ ಬಹಳಷ್ಟು ಮೀರತ್‌ನ ಜಾಲಿ ಕೋಠಿಯ ಕಡೆಯಿಂದ ಬರುತ್ತವೆ. ಕೈಯಲ್ಲಿ ತಯಾರಾದ ವಾದ್ಯಗಳ ಬಾಯಿಯ ಅಳತೆ ಎಲ್ಲದರಲ್ಲೂ ಒಂದೇ ಇರುತ್ತದೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಮೌತ್‌ಪೀಸ್ ನೋಡಲು ಹೋಗುವಾಗ ನಿಮ್ಮ ಟ್ರಂಪೆಟ್ ಕೈಯಲ್ಲಿರಲಿ. ಹೋಗುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ. ಮೂರನೆಯ ವಾಲ್ವ್ ಒತ್ತದೆ ಅದರ ಸ್ಲೈಡನ್ನು ಹೊರಗೆಳೆಯಿರಿ, ಒಂದು ಕ್ಷಣ ಬಿಟ್ಟು ಆ ವಾಲ್ವನ್ನು ಒತ್ತಿ. ‘ಟಪ್’ ಎಂದು ಸದ್ದಾದರೆ ಅಲ್ಲಿ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಮೊದಲು ರಿಪೇರಿಯವರ ಹತ್ತಿರ ಹೋಗಿ. ನೀರು ಬಿಡುವ ಕೀಲಿಯ ಕಾರ್ಕನ್ನೂ ನೋಡಲು ಹೇಳಿ, ಅದು ಸವೆದಿದ್ದರೂ ಇದೇ ಗತಿ.

ಇನ್ನು ನಿಮ್ಮ ಮನಸ್ಸಿಗೆ ನೋವು ಮಾಡಿದ ಮಾತು. ದಪ್ಪ ತುಟಿ ದೋಷವಲ್ಲ. ಜಗತ್ತು ತಲೆದೂಗಿದ ಟ್ರಂಪೆಟ್ ವಾದಕರಲ್ಲಿ ಎಲ್ಲ ಬಗೆಯ ತುಟಿಯವರೂ ಇದ್ದಾರೆ. ನಿಮ್ಮಂಥ ತುಟಿಗೆ ಆಗಿಬರದಿರುವುದು ಒಂದೇ, ಜೊತೆಯವರು ಕೊಳ್ಳಲು ಹೇಳುತ್ತಿರುವ ಮೌತ್‌ಪೀಸ್‌ನ ಆ ಆಳವಿಲ್ಲದ ಕಪ್. ಊದುವಾಗ ತುಟಿಯ ಮಾಂಸ ಕಪ್‌ನೊಳಗೆ ಸ್ವಲ್ಪ ತುಂಬಿಕೊಳ್ಳುತ್ತದೆ. ಕಪ್ ಆಳವಿಲ್ಲದಿದ್ದರೆ ತುಟಿ ತಳಕ್ಕೆ ತಾಗಿ ಕಂಪನ ನಿಂತುಹೋಗುತ್ತದೆ. ತೆಳು ತುಟಿಯವರಿಗೆ ಅದೇ ಕಪ್ ಹೊಳಪಿನ ನಾದ ಕೊಟ್ಟೀತು. ನಿಮಗೆ, ಅದರಲ್ಲೂ ತುಟಿ ಊದಿಕೊಂಡ ಎರಡನೆಯ ಗಂಟೆಯಲ್ಲಿ, ಬರೀ ಗಾಳಿ ಕೊಡುತ್ತದೆ. ಬಳೆಗಾರ ಕೈ ಹಿಡಿದು ನೋಡಿ ಬಳೆಯ ಅಳತೆ ತೆಗೆಯುವ ಹಾಗೆ ತುಟಿ, ಹಲ್ಲು, ವಾದ್ಯ, ದಿನಕ್ಕೆ ಎಷ್ಟು ಹೊತ್ತಿನ ದುಡಿಮೆ ಇವಿಷ್ಟನ್ನೂ ನೋಡಿ ಮೌತ್‌ಪೀಸ್ ಆರಿಸಬೇಕು. ಪಕ್ಕದವರಿಗೆ ಒಗ್ಗಿದ್ದು ನಿಮಗೂ ಒಗ್ಗಬೇಕೆಂದಿಲ್ಲ.

ಮೇಲಿನ ಸ್ವರವನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ. ಅತಿ ಎತ್ತರದ ಸ್ವರಗಳಿಗೆ ಹೆಸರಾದ ಕೆನಡಾದ ಮೇನಾರ್ಡ್ ಫರ್ಗುಸನ್ 1960ರ ದಶಕದ ಕೊನೆಯಲ್ಲಿ ನಮ್ಮ ಗಡಿಗೆ ಹತ್ತಿರದ ಮದನಪಲ್ಲಿಯ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದ್ದರು. ಯೋಗದ ಉಸಿರಾಟವನ್ನು ಅವರು ತಮ್ಮ ವಾದನಕ್ಕೆ ಅಳವಡಿಸಿಕೊಂಡಿದ್ದರು. ಅಂಥ ವಾದಕರೇ ಉಸಿರಿನ ಅಭ್ಯಾಸಕ್ಕೆ ಅಷ್ಟು ಬೆಲೆ ಕೊಟ್ಟರು ಎಂಬುದು ನೆನಪಿರಲಿ.

ಹಾಗಾದರೆ ಯಾವುದನ್ನು ನೋಡಬೇಕು? ಬಾಕ್ ಕಂಪನಿಯ 7ಸಿ ಎಂಬ ಅಳತೆ ನಿಮಗೆ ಗೊತ್ತೇ ಇರುತ್ತದೆ, ಕಲಿಯುವವರ ವಾದ್ಯಗಳ ಜೊತೆ ಬಹಳ ಸಲ ಬರುವುದು ಅದೇ. ವಿಯೆನ್ನಾ ಕಡೆಯಿಂದ ಅಮೆರಿಕಕ್ಕೆ ಹೋದ ಟ್ರಂಪೆಟ್ ವಾದಕ ವಿನ್ಸೆಂಟ್ ಬಾಕ್ 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಲೇತ್ ಹಾಕಿ ಮೌತ್‌ಪೀಸ್ ಕಡೆಯತೊಡಗಿದರು. ಅವರ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಒಳವ್ಯಾಸ ದೊಡ್ಡದು. ಅಕ್ಷರ ಎ ಆದರೆ ಆಳ ಹೆಚ್ಚು, ಇ, ಎಫ್ ಕಡೆಗೆ ಹೋದಂತೆ ಕಡಿಮೆ. ಯಮಾಹಾದ್ದು ಇದಕ್ಕೆ ತದ್ವಿರುದ್ಧ: ಅಂಕಿ ಏರಿದಂತೆ ವ್ಯಾಸ ಹೆಚ್ಚು, ಅಕ್ಷರ ಮುಂದಕ್ಕೆ ಹೋದಂತೆ ಆಳ ಹೆಚ್ಚು. ಇದು ತಿಳಿಯದೆ ಬೇಕಾದದ್ದಕ್ಕೆ ಉಲ್ಟಾ ತಂದುಕೊಂಡವರು ಎಷ್ಟೋ ಜನ. ಬಾಕ್ 7ಸಿಯ ಒಳವ್ಯಾಸ 16.20 ಮಿಲಿಮೀಟರ್, 3ಸಿಯದು 16.30. ನಡುವೆ ಇರುವುದು ಕೂದಲೆಳೆಯಷ್ಟು ವ್ಯತ್ಯಾಸ, ಆದರೂ ತುಟಿಗೆ ಅದು ಗೊತ್ತಾಗುತ್ತದೆ, ಏಕೆಂದರೆ ಅಂಚಿನ ಆಕಾರವೂ ಜೊತೆಗೇ ಬದಲಾಗುತ್ತದೆ. ಅಗ್ಗದ ನಕಲುಗಳ ಮೇಲೆ ಕೊರೆದ 7ಸಿ, 3ಸಿ ಎಂಬುದನ್ನು ಮಾತ್ರ ನಂಬಬೇಡಿ.

ನಿಮಗೆ ನಾನು ಹೇಳುವುದು ಮಧ್ಯಮ ಆಳದ 3ಸಿ, ಅಥವಾ ಅದಕ್ಕೆ ಹತ್ತಿರದ ಅಳತೆ. ಅಂಚು ತೀರಾ ಚೂಪಾಗಿರದೆ ತುಸು ದುಂಡಗಿರಲಿ, ಬೀದಿಯಲ್ಲಿ ನಡೆಯುತ್ತ ಊದುವವರಿಗೆ ಅದು ಕೊಯ್ಯುವುದಿಲ್ಲ. ಹಳೆಯ ಮೌತ್‌ಪೀಸ್‌ನ ಬೆಳ್ಳಿ ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ ನಿಮ್ಮ ಉರಿಗೆ ಅದೂ ಕಾರಣವಿದ್ದೀತು. ಕೆಲವರ ಚರ್ಮಕ್ಕೆ ಬರಿ ಹಿತ್ತಾಳೆ ಒಗ್ಗುವುದಿಲ್ಲ.

ಕೊಳ್ಳುವ ಮೊದಲು ಯಾರಿಂದಲಾದರೂ ಎರವಲು ಪಡೆಯಿರಿ. ಪೊಲೀಸ್ ಬ್ಯಾಂಡ್‌ನಿಂದ ನಿವೃತ್ತರಾದವರು ನಿಮ್ಮ ಜಿಲ್ಲೆಯಲ್ಲಿ ಸಿಕ್ಕಾರು, ಮೈಸೂರಿನಲ್ಲಂತೂ ಇದ್ದೇ ಇರುತ್ತಾರೆ. ಕೇಳಲು ಸಂಕೋಚ ಬೇಡ. ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದೇ ಬಾಯಿಗಿಡಿ. ಒಂದೇ ದಿನ ಐದಾರು ಬದಲಿಸಿದರೆ ತುಟಿಗೆ ಯಾವುದೂ ತಿಳಿಯುವುದಿಲ್ಲ, ಎರಡು ಸಾಕು. ಬೆಳಿಗ್ಗೆ ತಾಜಾ ತುಟಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ಆ ಹೊತ್ತಿನ ತೀರ್ಪು ಬೇಡ. ಒಂದು ಗಂಟೆ ಊದಿ ದಣಿದ ಮೇಲೆ ಮೆಲುದನಿಯಲ್ಲಿ ಒಂದು ಸ್ವರವನ್ನು ಉದ್ದಕ್ಕೆ ಹಿಡಿಯಿರಿ. ನಡುಗದೆ ನಿಂತರೆ ಅದು ನಿಮ್ಮದು. ದೊಡ್ಡಪ್ಪನವರನ್ನು ಬೀದಿಯ ಆ ತುದಿಯಲ್ಲಿ ನಿಲ್ಲಿಸಿ, ಯಾವುದು ಯಾವುದೆಂದು ಹೇಳದೆ ನುಡಿಸಿ ಕೇಳಿಸಿ. ಮೊಬೈಲ್‌ನ ಟ್ಯೂನರ್‌ನಲ್ಲಿ ಶ್ರುತಿಯನ್ನೂ ನೋಡಿಕೊಳ್ಳಿ. ಒಪ್ಪಿದ್ದನ್ನು ಒಂದೆರಡು ವಾರ ಬದಲಿಸಬೇಡಿ.

ಅಷ್ಟರವರೆಗೆ ತುಟಿಗೆ ಬಿಡುವು ಬೇಕು. ಒಂದು ಹಾಡು ನೀವು, ಒಂದು ಹಾಡು ಕ್ಲಾರಿನೆಟ್‌ನವರು ಎಂದು ಹಂಚಿಕೊಳ್ಳಲು ದೊಡ್ಡಪ್ಪನವರನ್ನು ಕೇಳಿ, ಅವರು ಊದಿದವರೇ, ಅರ್ಥಮಾಡಿಕೊಳ್ಳುತ್ತಾರೆ. ಲೂಯಿ ಆರ್ಮ್‌ಸ್ಟ್ರಾಂಗ್‌ನಂಥವರೇ ತುಟಿ ಗಾಯದಿಂದ 1930ರ ದಶಕದಲ್ಲಿ ತಿಂಗಳುಗಟ್ಟಲೆ ಟ್ರಂಪೆಟ್ ಕೆಳಗಿಡಬೇಕಾಯಿತು. ಎರಡು ದಿನವಾದರೂ ಊತ ಇಳಿಯದಿದ್ದರೆ, ತುಟಿ ಮರಗಟ್ಟಿದರೆ, ಒಳಗೆ ಗಂಟು ಸಿಕ್ಕಿದರೆ ಮೊದಲು ವೈದ್ಯರಿಗೆ ತೋರಿಸಿ.

ನಾಳೆಯೇ ಸ್ಕೇಲ್ ಹಿಡಿದು ಅಳೆಯಿರಿ. ಕಾರ್ನೆಟ್‌ನದೇ ಆಗಿದ್ದರೆ ತೆಗೆದಿಟ್ಟು, ಟ್ರಂಪೆಟ್‌ನದೊಂದನ್ನು ಎರವಲು ತಂದು ಊದಿ. ಆ ಹನ್ನೆರಡು ಸಾವಿರದ ಮೌತ್‌ಪೀಸ್ ಮಾತ್ರ ಕೊಳ್ಳಬೇಡಿ.