ದಾಳ, ಕವಡೆ ಮತ್ತು ಸಂಭವನೀಯತೆ

ತೆಂಗಿನ ಸೀಮೆಯ ಮಾಯಸಂದ್ರದಲ್ಲಾಗಲಿ, ಹಳೆಯ ಮೈಸೂರಿನ ಬೇರಾವ ಊರಿನಲ್ಲಾಗಲಿ, ಚೌಕಾಬಾರದ ಮನೆ ಬರೆದು ಕವಡೆ ಬಿಟ್ಟವರಿಗೆ ‘ಗರ ಬೀಳುವುದು’ ಎಂಬ ಮಾತು ಪರಿಚಿತ. ಬಯಸಿದ ಗರ ಬಿದ್ದರೆ ಕೈಗುಣವೆಂದೂ ಬೀಳದಿದ್ದರೆ ದುರದೃಷ್ಟವೆಂದೂ ಹೇಳುವುದು ರೂಢಿ. ಆ ಕೈಗುಣ, ಅದೃಷ್ಟಗಳ ಹಿಂದಿರುವ ಲೆಕ್ಕವನ್ನು ತೋರಿಸುವ ಗಣಿತಶಾಖೆಯೇ ಸಂಭವನೀಯತೆ.

ಇದರ ಮೂಲಸೂತ್ರ ಸರಳವಾದುದು. ಅನುಕೂಲ ಫಲಗಳ ಸಂಖ್ಯೆಯನ್ನು ಒಟ್ಟು ಫಲಗಳ ಸಂಖ್ಯೆಯಿಂದ ಭಾಗಿಸಬೇಕು. ಆದರೆ ಆ ಫಲಗಳೆಲ್ಲವೂ ಸಮಸಂಭಾವ್ಯವಾಗಿರಬೇಕೆಂಬ ನಿಬಂಧನೆಯನ್ನು ಮರೆಯಬಾರದು. ತೆಂಗಿನ ಮರದಡಿ ನಡೆಯುವವನ ತಲೆಯ ಮೇಲೆ ಕಾಯಿ ಬಿದ್ದೀತು, ಇಲ್ಲವೇ ಬೀಳದು. ಸಾಧ್ಯತೆಗಳು ಎರಡೇ ಆದರೂ ಸಂಭವನೀಯತೆ ಅರ್ಧವಲ್ಲ.

ಆರು ಮುಖಗಳ ಒಂದು ದಾಳವನ್ನು ಉರುಳಿಸಿದಾಗ 6 ಬೀಳುವ ಸಂಭವನೀಯತೆ 1/6. ಎರಡು ದಾಳಗಳನ್ನು ಉರುಳಿಸಿದಾಗ ಮೊತ್ತವು 2ರಿಂದ 12ರವರೆಗೆ ಬರಬಹುದು. ಮೊತ್ತಗಳು ಹನ್ನೊಂದಾದ್ದರಿಂದ ಪ್ರತಿಯೊಂದಕ್ಕೂ 1/11 ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ಇದು ತಪ್ಪು. ಒಂದೊಂದು ದಾಳಕ್ಕೆ ಆರರಂತೆ ಒಟ್ಟು ಫಲಗಳು 6 × 6 = 36. ಅವುಗಳಲ್ಲಿ 7 ಬರುವ ಬಗೆಗಳು ಆರು: (1,6), (2,5), (3,4), (4,3), (5,2), (6,1). ಆದುದರಿಂದ 7ರ ಸಂಭವನೀಯತೆ 6/36, ಅಂದರೆ 1/6. 12 ಬರುವ ಬಗೆ ಒಂದೇ. ಅದರ ಸಂಭವನೀಯತೆ 1/36.

ಚೌಕಾಬಾರದಲ್ಲಿ ನಾಲ್ಕು ಕವಡೆಗಳು. ಒಂದೊಂದೂ ಬಾಯಿ ಮೇಲಾಗಿ ಅಥವಾ ಕೆಳಗಾಗಿ ಬೀಳುವುದರಿಂದ ಒಟ್ಟು ಫಲಗಳು 16. ನಾಲ್ಕರಲ್ಲಿ ಎರಡು ಬಾಯಿ ಮೇಲಾಗುವ ಬಗೆಗಳೆಷ್ಟು? ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವಿದೆ. ಅದರಂತೆ (4 × 3) ÷ (1 × 2) = 6. ಹೀಗೆ ಎರಡರ ಗರಕ್ಕೆ 6/16, ಒಂದಕ್ಕೂ ಮೂರಕ್ಕೂ ತಲಾ 4/16, ನಾಲ್ಕೂ ಬಾಯಿ ಮೇಲಾದ ಚೌಕಕ್ಕೆ 1/16, ನಾಲ್ಕೂ ಬೋರಲಾದ ಬಾರಕ್ಕೆ 1/16.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡೂ ಪಕ್ಕಗಳು ಸಮಾನವೆಂದು ಮೊದಲೇ ನಿರ್ಧರಿಸಲಾಗದು. ತರಗತಿಯಲ್ಲಿ ಒಂದು ಕವಡೆಯನ್ನು ನೂರಾರು ಬಾರಿ ಬಿಟ್ಟು ಗುರುತು ಹಾಕಿಸುವುದು ಉತ್ತಮ ಪಾಠ. ನೂರಕ್ಕೆ ಅರವತ್ತು ಬಾರಿ ಬಾಯಿ ಮೇಲಾಯಿತೆಂದು ಭಾವಿಸಿದರೆ ಚೌಕದ ಸಂಭವನೀಯತೆ (3/5)⁴ = 81/625; ಬಾರದ್ದು (2/5)⁴ = 16/625 ಮಾತ್ರ. ಸೂತ್ರವನ್ನು ಬಲ್ಲರೆ ಸಾಲದು, ಅದು ಸಲ್ಲುವ ಸಂದರ್ಭವನ್ನೂ ಪರೀಕ್ಷಿಸಬೇಕೆಂಬ ವಿವೇಕ ಇದರಿಂದ ಮೂಡುತ್ತದೆ.

ಕೊನೆಯದಾಗಿ, ಐದು ಬಾರಿ 6 ಬೀಳಲಿಲ್ಲವೆಂದು ಆರನೆಯ ಬಾರಿ ಬಿದ್ದೇ ತೀರುತ್ತದೆಂಬ ನಂಬಿಕೆ. ದಾಳಕ್ಕೆ ನೆನಪಿಲ್ಲ, ಆಗಲೂ ಅದರ ಸಂಭವನೀಯತೆ 1/6 ಮಾತ್ರ. ಸೋತುದನ್ನು ಮುಂದಿನ ಗರದಲ್ಲಿ ಗೆದ್ದೇನೆಂಬ ಭ್ರಮೆಯಿಂದಲೇ ಜೂಜು ಮನೆಗಳನ್ನು ಮುರಿಯುತ್ತದೆ. ಕಾಯಕದ ಗಳಿಕೆಯನ್ನು ಪಣಕ್ಕೊಡ್ಡಬಾರದೆಂದು ಹಿರಿಯರು ಹೇಳಿದ ಬುದ್ಧಿಮಾತಿನ ಕಾರಣವನ್ನು ಕಪ್ಪುಹಲಗೆಯ ಮೇಲೆ ಬರೆದ ಈ ಪುಟ್ಟ ಭಿನ್ನರಾಶಿ ಬಾಲಕರಿಗೆ ಮನದಟ್ಟು ಮಾಡಬಲ್ಲದು.